ದೀಪ ಹತ್ತುವ ಮೊದಲೇ ಹೋದ ದಿವಾನರು

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ನಾವು ಕೊಳ್ಳೇಗಾಲ ದಾಟಿ ಶಿವನಸಮುದ್ರಕ್ಕೆ ಹೋಗೋದು ಜಲಪಾತ ನೋಡೋಕೆ. ಕೆ. ಶೇಷಾದ್ರಿ ಅಯ್ಯರ್ ಅಲ್ಲಿ ಕಂಡದ್ದು ಕರೆಂಟು. 1845ರಲ್ಲಿ ಹುಟ್ಟಿದ ಅವರು 1883ರಲ್ಲಿ ಮೈಸೂರಿನ ದಿವಾನರಾದರು. ನಮ್ಮ ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಕೋಲಾರದ ಚಿನ್ನದ ಗಣಿಗಳ ಹಬೆಯಂತ್ರಕ್ಕೆ ಅದನ್ನ ಹೊರಗಿಂದಲೇ ತರಿಸಬೇಕಿತ್ತು. ಕಾವೇರಿಯನ್ನೇ ದುಡಿಸೋಣ ಅಂತ ಅಯ್ಯರ್ ಹೊರಟರು. ಇಂಜಿನಿಯರ್ ಲಾಟ್‌ಬಿನಿಯರ್ ಯೋಜನೆಗೆ ಬೆನ್ನಾಗಿ ನಿಂತರು. ಕೆಲಸ ನಡೀತಿರುವಾಗಲೇ, 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. 1902ರ ಜೂನಿನಲ್ಲಿ ಸುಮಾರು 147 ಕಿ.ಮೀ. ತಂತಿ ಹಾದು ಕರೆಂಟು ಕೋಲಾರ ಮುಟ್ಟಿತು. ಅವರು ಅದನ್ನ ನೋಡಲೇ ಇಲ್ಲ.

ರಾಯಚೂರಿನಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ ಶುರುವಾದದ್ದು 1985ರಲ್ಲಿ. ಈಗ ಮಳೆ ಕೈಕೊಟ್ಟ ವರ್ಷ ನಮ್ಮ ಹಾಸ್ಟೆಲ್ ಫ್ಯಾನು ತಿರುಗೋಕೆ ಹೊರರಾಜ್ಯದ ಕಲ್ಲಿದ್ದಲೂ ಬೇಕು. ಅಯ್ಯರ್ ಎದುರಿಸಿದ ಲೆಕ್ಕ ಇನ್ನೂ ಮುಗಿದಿಲ್ಲ. ಮುಂದಿನ ಹೆಜ್ಜೆ ಬಿಡಿಸಬೇಕಾದವರು ನಾವೇ.