ಪ್ರೆಗ್ನೆನ್ಸಿ ಕಿಟ್‌ನ ಗೆರೆಯ ಹಿಂದಿರುವ ವಿಜ್ಞಾನಿ: ಸೆಸರ್ ಮಿಲ್‌ಸ್ಟೀನ್

ತುಮಕೂರು, ಗುಬ್ಬಿ, ಕುಣಿಗಲ್‌ ಹೀಗೆ ಯಾವ ಊರಿನ ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿದರೂ ಪ್ರೆಗ್ನೆನ್ಸಿ ಕಿಟ್ ಸಿಗುತ್ತದೆ. ಆದರೂ ಮೂತ್ರಕ್ಕೆ ಸಕ್ಕರೆ, ಉಪ್ಪು ಅಥವಾ ಟೂತ್‌ಪೇಸ್ಟ್ ಹಾಕಿ ನೋಡಿದರೆ ಸಾಕು ಎನ್ನುವ ಮಾತು ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ. ಇದು ನಿಜವೇ? ಅಲ್ಲ. ಗರ್ಭ ನಿಂತಾಗ ಮೂತ್ರದಲ್ಲಿ ಎಚ್‌ಸಿಜಿ ಎಂಬ ಪ್ರೋಟೀನ್ ಹಾರ್ಮೋನ್ ಕಾಣಿಸಿಕೊಳ್ಳುತ್ತದೆ. ಸಕ್ಕರೆ, ಉಪ್ಪು ಅದನ್ನು ಗುರುತಿಸಲಾರವು. ಕಿಟ್‌ನಲ್ಲಿರುವ ಮೋನೋಕ್ಲೋನಲ್ ಆ್ಯಂಟಿಬಾಡಿ ಗುರುತಿಸುತ್ತದೆ. ಅದನ್ನು ತಯಾರಿಸುವ ದಾರಿ ಕಂಡುಹಿಡಿದವರಲ್ಲಿ ಒಬ್ಬರು ಸೆಸರ್ ಮಿಲ್‌ಸ್ಟೀನ್.

ಮಿಲ್‌ಸ್ಟೀನ್ ಹುಟ್ಟಿದ್ದು 1927ರ ಅಕ್ಟೋಬರ್ 8ರಂದು, ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾದ ಯಹೂದಿ ಕುಟುಂಬದಲ್ಲಿ. ಬ್ಯೂನಸ್ ಐರಿಸ್‌ನಲ್ಲಿ ಓದಿ, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಸಂಶೋಧನೆ ಮುಗಿಸಿ ತಾಯ್ನಾಡಿಗೆ ಮರಳಿದರು. 1962ರ ಸೇನಾ ದಂಗೆಯ ನಂತರ ಅವರ ಸಂಸ್ಥೆಯಲ್ಲಿ ರಾಜಕೀಯ ಕಿರುಕುಳ ಶುರುವಾಯಿತು. ಸಹೋದ್ಯೋಗಿಗಳು ಕೆಲಸ ಕಳೆದುಕೊಂಡರು. ಮಿಲ್‌ಸ್ಟೀನ್ ರಾಜೀನಾಮೆ ಕೊಟ್ಟು 1963ರಲ್ಲಿ ಮತ್ತೆ ಕೇಂಬ್ರಿಡ್ಜ್ ಸೇರಿದರು.

ಅಲ್ಲಿ ಅವರು ಕೈಗೆತ್ತಿಕೊಂಡ ವಿಷಯ ಆ್ಯಂಟಿಬಾಡಿ. ನಮ್ಮ ದೇಹದ ಬಿ ಜೀವಕೋಶಗಳು ಇವನ್ನು ತಯಾರಿಸುತ್ತವೆ. ಒಂದು ಜೀವಕೋಶ ಒಂದೇ ಬಗೆಯದನ್ನು ತಯಾರಿಸುತ್ತದೆ. ಆದರೆ ಪ್ರಾಣಿಯ ರಕ್ತದಿಂದ ತೆಗೆದರೆ ಹಲವು ಬಗೆಯವು ಬೆರೆತು ಬರುತ್ತವೆ. ಒಂದೇ ಜೀವಕೋಶವನ್ನು ಬೇರ್ಪಡಿಸಿ ಬೆಳೆಸೋಣವೆಂದರೆ ಅದು ಬೇಗ ಸಾಯುತ್ತದೆ. ಇದಕ್ಕೆ ಮಿಲ್‌ಸ್ಟೀನ್ ಮತ್ತು ಜರ್ಮನಿಯ ಯುವ ವಿಜ್ಞಾನಿ ಜಾರ್ಜ್ ಕೋಲರ್ ಉಪಾಯ ಕಂಡುಕೊಂಡರು. ಇಲಿಯ ಬಿ ಜೀವಕೋಶವನ್ನು ಇಲಿಯದೇ ಕ್ಯಾನ್ಸರ್ ಜೀವಕೋಶದೊಂದಿಗೆ ಬೆಸೆದರು. ಹೊಸ ಜೀವಕೋಶ ಸಾಯದೆ ಬೆಳೆಯುತ್ತಾ, ಒಂದೇ ಬಗೆಯ ಆ್ಯಂಟಿಬಾಡಿಯನ್ನು ತಯಾರಿಸುತ್ತಲೇ ಹೋಯಿತು. 1975ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದರಿಂದ ಏನು ಲಾಭ? ಎಚ್‌ಸಿಜಿಯ ಎರಡು ಭಾಗಗಳಲ್ಲಿ ಒಂದು, ಗರ್ಭಿಣಿಯಲ್ಲದವರಲ್ಲೂ ಇರುವ ಎಲ್‌ಎಚ್ ಹಾರ್ಮೋನ್‌ನಲ್ಲೂ ಇದೆ. ಬೆರಕೆ ಆ್ಯಂಟಿಬಾಡಿ ಎರಡಕ್ಕೂ ಅಂಟಬಹುದು. ಮೋನೋಕ್ಲೋನಲ್ ಆದರೆ ಬೇಕಾದ ಭಾಗಕ್ಕೆ ಮಾತ್ರ ಅಂಟುವಂಥದ್ದನ್ನೇ ಆರಿಸಿಕೊಳ್ಳಬಹುದು. ಪ್ರಯೋಗಾಲಯಗಳಲ್ಲಿ ಸಾವಿರಾರು ಪ್ರೋಟೀನ್‌ಗಳ ನಡುವೆ ಒಂದನ್ನೇ ಹುಡುಕುವುದೂ ಹೀಗೆಯೇ.

ಈ ವಿಧಾನಕ್ಕೆ ಪೇಟೆಂಟ್ ಆಗಲಿಲ್ಲ. ಕೇಳಿದ ಪ್ರಯೋಗಾಲಯಗಳಿಗೆ ಮಿಲ್‌ಸ್ಟೀನ್ ಜೀವಕೋಶಗಳನ್ನು ಕಳುಹಿಸಿಕೊಟ್ಟರು. 1984ರಲ್ಲಿ ಕೋಲರ್ ಮತ್ತು ನೀಲ್ಸ್ ಜೆರ್ನೆ ಜೊತೆ ನೊಬೆಲ್ ಬಂತು. ಕೋಲರ್ 1995ರಲ್ಲಿ, 48ನೇ ವಯಸ್ಸಿಗೇ ತೀರಿಕೊಂಡರು. ಮಿಲ್‌ಸ್ಟೀನ್ 2002ರ ಮಾರ್ಚ್ 24ರಂದು ಕೇಂಬ್ರಿಡ್ಜ್‌ನಲ್ಲಿ ನಿಧನರಾದರು.

ಸಕ್ಕರೆ ನಂಬಿ ಕೂತರೆ ಗರ್ಭಿಣಿಗೆ ಸಿಗಬೇಕಾದ ಆರೈಕೆ ತಡವಾಗುತ್ತದೆ. ಹಾಗಾಗಿ ಮುಟ್ಟು ತಪ್ಪಿದರೆ ಕಿಟ್‌ನಲ್ಲೇ ಪರೀಕ್ಷಿಸಿ. ಆಶಾ ಕಾರ್ಯಕರ್ತೆಯರನ್ನೂ ಕೇಳಿ ನೋಡಿ. ಸರ್ಕಾರದ 'ನಿಶ್ಚಯ್' ಕಿಟ್ ಅವರ ಮೂಲಕ ಸಿಗುತ್ತದೆ. ಫಲಿತಾಂಶ ಏನೇ ಬಂದರೂ ಅನುಮಾನವಿದ್ದರೆ ವೈದ್ಯರನ್ನು ಕಾಣಿ.