ಮಿನಾರದ ಮೇಲೆ ಗಡಿಯಾರ ಕೂರಿಸಿದ ಇಬ್ನ್ ಶಾತಿರ್

ಕೈಗಡಿಯಾರವಿಲ್ಲ, ಗೋಡೆಗಡಿಯಾರವಿಲ್ಲ, ನಮಾಜಿನ ವೇಳಾಪಟ್ಟಿ ಅಚ್ಚಾಗಿ ಬರುವುದೂ ಇಲ್ಲ ಎಂದುಕೊಳ್ಳಿ. ಅಸರ್ ಸಮಯವಾಯಿತೇ ಇಲ್ಲವೇ ಎಂದು ನಿಮಗೆ ಹೇಳುವವರು ಯಾರು? ಹದಿನಾಲ್ಕನೇ ಶತಮಾನದ ದಮಾಸ್ಕಸ್‌ನ ಉಮವೀ ಮಸೀದಿಯಲ್ಲಿ ಈ ಹೊಣೆ 'ಮುವಕ್ಕಿತ್' ಎಂಬ ಅಧಿಕಾರಿಯದಾಗಿತ್ತು. ವೇಳೆಯ ಲೆಕ್ಕ ಹಾಕುವುದೇ ಅವರ ಉದ್ಯೋಗ. ಆ ಹುದ್ದೆಯಲ್ಲಿದ್ದ ಅಲಾವುದ್ದೀನ್ ಅಲಿ ಇಬ್ನ್ ಇಬ್ರಾಹೀಂ ಎಂಬವರೇ ಇಬ್ನ್ ಶಾತಿರ್ ಎಂದು ಪ್ರಸಿದ್ಧರಾದವರು.

ಅವರು ಹುಟ್ಟಿದ್ದು ಸುಮಾರು 1305ರಲ್ಲಿ, ಅದೇ ನಗರದಲ್ಲಿ. ಆರು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ಅಜ್ಜನ ಆಸರೆಯಲ್ಲಿ ಬೆಳೆದ ಈ ಯತೀಮ್ ಹುಡುಗ ಮೊದಲು ಕಲಿತದ್ದು ದಂತದ ಕುಸುರಿ ಕೆಲಸ. ಖಗೋಳಶಾಸ್ತ್ರದ ವ್ಯಾಸಂಗಕ್ಕೆ ಕೈರೋ, ಅಲೆಕ್ಸಾಂಡ್ರಿಯಾಗಳಿಗೆ ಹೋದದ್ದು ಆಮೇಲೆ. ಕೂದಲೆಳೆಯಷ್ಟು ತಪ್ಪದೆ ಗೆರೆ ಕೊರೆಯುವ ಆ ಕೈಚಳಕ ಮುಂದೆ ಎಷ್ಟು ಉಪಯೋಗಕ್ಕೆ ಬಂತೆಂಬುದನ್ನು ನೀವೇ ನೋಡಿ.

1371ರಲ್ಲಿ ಅವರು ಮಸೀದಿಯ ಉತ್ತರದ ಮಿನಾರದಲ್ಲಿ, 'ಮದುಮಗಳ ಮಿನಾರ' ಎಂದು ಹೆಸರಾದ ಗೋಪುರದಲ್ಲಿ, ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಅಮೃತಶಿಲೆಯ ನೆರಳು ಗಡಿಯಾರವನ್ನು ಕೂರಿಸಿದರು. ನೆಟ್ಟಗೆ ನಿಲ್ಲಿಸಿದ ಕಡ್ಡಿಯ ನೆರಳಿಗೆ ಒಂದು ತೊಂದರೆಯಿದೆ. ಒಂದೇ ಗಂಟೆಗೆ ಬೇಸಿಗೆಯಲ್ಲಿ ಅದು ಒಂದು ಕಡೆ ತೋರಿಸಿದರೆ, ಚಳಿಗಾಲದಲ್ಲಿ ಇನ್ನೊಂದು ಕಡೆ! ಇಬ್ನ್ ಶಾತಿರ್ ಕಡ್ಡಿಯನ್ನು ಓರೆಯಾಗಿಸಿ, ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿದರು. ದಮಾಸ್ಕಸ್‌ನ ಅಕ್ಷಾಂಶ ಸುಮಾರು 33.5 ಡಿಗ್ರಿ, ಕಡ್ಡಿಯ ಓರೆಯೂ ಅಷ್ಟೇ. ಆಗ ವರ್ಷವಿಡೀ ಒಂದು ಗಂಟೆಯ ನೆರಳು ಒಂದೇ ಗೆರೆಯ ಮೇಲೆ ಬೀಳುತ್ತದೆ. ಈ ಬಗೆಯ ಗಡಿಯಾರಗಳಲ್ಲಿ ಇಂದಿಗೂ ಉಳಿದಿರುವವುಗಳ ಪೈಕಿ ಇದೇ ಅತ್ಯಂತ ಹಳೆಯದು. ಸೂರ್ಯ ಹುಟ್ಟಿ ಎಷ್ಟು ಹೊತ್ತಾಯಿತು, ಮುಳುಗಲು ಎಷ್ಟು ಹೊತ್ತಿದೆ, ಅಸರ್ ಯಾವಾಗ, ಎಲ್ಲವೂ ಆ ಗೆರೆಗಳಲ್ಲಿತ್ತು.

ಚಂದ್ರನ ಚಲನೆಗೆ ಅವರು ಕೊಟ್ಟ ಲೆಕ್ಕದ ಮಾದರಿಯೇ 1543ರ ಕೋಪರ್ನಿಕಸ್ ಗ್ರಂಥದಲ್ಲೂ ಇದೆ. ವಿದ್ವಾಂಸರು ಇದನ್ನು ಗಮನಿಸಿದ್ದು 1950ರ ದಶಕದಲ್ಲಿ! ಇಂದು ಇಬ್ನ್ ಶಾತಿರ್ ಹೆಸರೆತ್ತುವವರು ಹೆಚ್ಚಾಗಿ ಕೋಪರ್ನಿಕಸ್‌ಗಾಗಿಯೇ ಎತ್ತುತ್ತಾರೆ. ನನಗಂತೂ ಆ ಮಿನಾರದ ಕಲ್ಲೇ ದೊಡ್ಡದೆನಿಸುತ್ತದೆ.

1375ರಲ್ಲಿ ಅವರು ತೀರಿಕೊಂಡರು. ಐದು ಶತಮಾನಗಳ ಬಳಿಕ, 1876ರಲ್ಲಿ, ಅದೇ ಮಸೀದಿಯ ಮುವಕ್ಕಿತ್ ಆಗಿದ್ದ ತಂತಾವಿ ಅದನ್ನು ಸರಿಪಡಿಸಲು ಹೋದಾಗ ಫಲಕ ಒಡೆಯಿತು. ಅವರು ಗೆರೆಗೆ ಗೆರೆ ಹೊಂದುವ ಪ್ರತಿಯೊಂದನ್ನು ಕೊರೆದು ಮಿನಾರದಲ್ಲಿಟ್ಟರು. ಮೂಲ ಫಲಕದ ತುಂಡುಗಳು ದಮಾಸ್ಕಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿದವು.