ಅಂಗೈಯ ಆಟದ ನಿರ್ಮಾಪಕ: ಗುನ್‌ಪೇ ಯೋಕೊಯಿ

ಜಪಾನಿನ ಕ್ಯೋಟೋ ನಗರದಲ್ಲಿ ಇಸ್ಪೀಟಿನಂಥ ಆಟದ ಎಲೆಗಳನ್ನು ತಯಾರಿಸುತ್ತಿದ್ದ ನಿಂಟೆಂಡೋ ಕಾರ್ಖಾನೆಗೆ ಗುನ್‌ಪೇ ಯೋಕೊಯಿಯವರು 1965ರಲ್ಲಿ ಯಂತ್ರಗಳ ನಿಗಾ ನೋಡಲು ಸೇರಿದರು. ಹುಟ್ಟಿದ್ದು 1941ರಲ್ಲಿ. ಬಿಡುವಿನಲ್ಲಿ ವಿನೋದಕ್ಕೆಂದು ಮಾಡಿಕೊಂಡಿದ್ದ, ಚಾಚಿ ವಸ್ತು ಹಿಡಿಯುವ ಕೈಯೊಂದು ಯಜಮಾನರ ಕಣ್ಣಿಗೆ ಬಿದ್ದಿತು. ಬೈಸಿಕೊಳ್ಳಬೇಕಾಗಿದ್ದವರು ಆಟಿಕೆಗಳ ನಿರ್ಮಾಪಕರಾದರು!

ರೈಲಿನಲ್ಲಿ ಪ್ರಯಾಣಿಕನೊಬ್ಬನು ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತುತ್ತಿದ್ದುದನ್ನು ಕಂಡು ಅವರಿಗೆ ಹೊಳೆದದ್ದೇ 1980ರ ‘ಗೇಮ್ ಅಂಡ್ ವಾಚ್’. ಅಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಹಿಡಿಕೋಲಿಗೆ ಎಡೆಯೆಲ್ಲಿ? 1982ರಲ್ಲಿ ಅವರು ಕೂಡುವ ಚಿಹ್ನೆಯಾಕಾರದ ಒಂದೇ ಗುಂಡಿಯನ್ನಿರಿಸಿದರು. ಹೆಬ್ಬೆರಳು ಒತ್ತಿದ ಕಡೆಗೆ ಅದು ವಾಲಿ ಅಡಿಯ ಸ್ವಿಚ್ಚನ್ನು ಕೂಡಿಸುತ್ತದೆ. ನೋಡದೆಯೇ ಬೆರಳಿಗೆ ದಿಕ್ಕು ತಿಳಿಯುತ್ತದೆ. ಇಂದು ಮನೆಯಲ್ಲಿ ಬೆಸುಗೆ ಹಾಕಿ ಇಂಥ ಪೆಟ್ಟಿಗೆ ಕಟ್ಟುವ ಹುಡುಗರೂ ಅದನ್ನೇ ಅಳವಡಿಸುತ್ತಾರೆ.

ಹಳೆಯ, ಅಗ್ಗದ, ಪಳಗಿದ ಭಾಗಗಳನ್ನು ಹೊಸ ಕೆಲಸಕ್ಕೆ ಹೂಡಬೇಕೆಂಬುದು ಅವರ ಮತ. ಆದ್ದರಿಂದಲೇ 1989ರ ‘ಗೇಮ್ ಬಾಯ್’ಗೆ ಬಣ್ಣದ ಪರದೆಯಿಲ್ಲ. ಒಂದೇ ಸ್ಪೀಕರ್; ಹೆಡ್‌ಫೋನ್ ಸಿಕ್ಕಿಸಿದರೆ ಮಾತ್ರ ಸ್ಟೀರಿಯೋ. ಕೊಳ್ಳುವವರು ನಗಲಿಲ್ಲ. ಬಣ್ಣದ ಎದುರಾಳಿಗಳು ಆರು ಬ್ಯಾಟರಿ ನುಂಗಿ ಕೆಲವೇ ಗಂಟೆಗಳಲ್ಲಿ ಸೊರಗುತ್ತಿದ್ದರೆ, ಇದು ನಾಲ್ಕರಲ್ಲೇ ಹತ್ತು ಗಂಟೆಗೂ ಮಿಗಿಲಾಗಿ ಆಡುತ್ತಿತ್ತು.

1995ರ ‘ವರ್ಚುವಲ್ ಬಾಯ್’ ಮಾತ್ರ ಸೋತಿತು. ಅದರ ಕೆಂಪು ಚಿತ್ರ ಆಡುವವರ ಕಣ್ಣು ದಣಿಸಿತು. ಮರುವರ್ಷ ನಿಂಟೆಂಡೋ ಬಿಟ್ಟು ಸ್ವಂತ ಸಂಸ್ಥೆ ತೆರೆದ ಅವರು ಮತ್ತೆ ಬಣ್ಣವಿಲ್ಲದ ಕೈಪೆಟ್ಟಿಗೆಗೇ ಮರಳಿದರು. 1997ರ ಅಕ್ಟೋಬರ್ 4ರಂದು, ಹೆದ್ದಾರಿಯಲ್ಲಿ ಸಣ್ಣ ಡಿಕ್ಕಿಯಾಗಿ ಕಾರಿನಿಂದಿಳಿದಿದ್ದಾಗ, ಮತ್ತೊಂದು ಕಾರು ಬಡಿದು ತೀರಿಕೊಂಡರು. ಆ ಪೆಟ್ಟಿಗೆ ‘ವಂಡರ್‌ಸ್ವಾನ್’ ಎಂಬ ಹೆಸರಿನಿಂದ ಹೊರಬಂದದ್ದು 1999ರಲ್ಲಿ. ಅದಕ್ಕೆ ಒಂದೇ ಬ್ಯಾಟರಿ ಸಾಕಾಗಿತ್ತು.